ಮೂಗಣ್ಣನ ನೆಗಡಿ

"ಇದನ್ನ ಯಾವ ಪೀಪಾಯಿಯಿಂದ ತಂದ್ರಿ?" ಎಂದು ಕೇಳುತ್ತ ಹೆಂಡತಿ ಶೀಷೆಯನ್ನು ಮೂಗಿನಿಂದ ಒಂದು ಗೇಣು ದೂರಕ್ಕೆ ಸರಿಸಿದಳು.

ಒಂಬತ್ತನೆಯದು ಎಂದ ಗಂಡ. ಅವಳು ಇನ್ನೊಮ್ಮೆ ಮೂಸಿದಳು. ಕೆಮ್ಮಿನ ಔಷಧಿ ಬರುವಂಥ ಪುಟ್ಟ ಶೀಷೆ. ತಳದಲ್ಲಿ ಎರಡು ಚಮಚದಷ್ಟು ಕೆಂಪು ವೈನ್. ಮೂರು ವಾರ ಮಗಳ ಹೆರಿಗೆಗೆಂದು ಹೋಗಿದ್ದವಳು ಆ ಮಧ್ಯಾಹ್ನವಷ್ಟೇ ವಾಪಸು ಬಂದಿದ್ದಳು. ಚೀಲ ಇನ್ನೂ ಬಾಗಿಲ ಬಳಿಯೇ ಇತ್ತು. ಮೊಮ್ಮಗಳ ಮೂಗು ಯಾರ ಹಾಗಿದೆ ಎಂದು ಹೇಳುವುದಕ್ಕೂ ಬಿಡದೆ ಅವನು ಊಟದ ಡಬ್ಬಿಯ ತಳದಿಂದ ಶೀಷೆ ತೆಗೆದು ಅವಳ ಮುಂದೆ ಇಟ್ಟಿದ್ದ.

"ಉಗುರುಬಣ್ಣ ಅಳಿಸೋ ನೀರಿದೆಯಲ್ಲ, ಹಾಗಿದೆ ರೀ. ಹಿಂದೇನೇ ವಿನೆಗರ್ ಬರ್ತದೆ."

"ಸರಿಯಾಗಿ ನೋಡು."

"ಎಷ್ಟು ಸಲ ನೋಡಿದ್ರೂ ಕತ್ತೆ ಕುದುರೆ ಆಗಲ್ಲ."

ಅವನು ಡಬ್ಬಿಯಿಂದ ಇನ್ನೂ ಎರಡು ಶೀಷೆ ತೆಗೆದ. ಮೂರನೆಯ ಪೀಪಾಯಿಯದು ಹಾಗೆಯೇ ಇತ್ತು. ಹದಿನೇಳನೆಯದರಲ್ಲಿ ಸ್ವಲ್ಪ ಕಡಿಮೆ, ಆದರೆ ಇತ್ತು. ಮೂರಕ್ಕೂ ಬಿರಡೆ ಹಾಕಿ ಅವಳು ಸಿಂಕಿನಲ್ಲಿ ಕೈ ತೊಳೆದುಕೊಂಡಳು. ಅವನು ಕೂತಲ್ಲಿಂದ ಏಳಲಿಲ್ಲ. ಅವನಿಗೆ ಆ ಶೀಷೆಗಳಲ್ಲಿ ನೀರೂ ಒಂದೇ, ವೈನೂ ಒಂದೇ, ಸೀಮೆಎಣ್ಣೆಯೂ ಒಂದೇ ಆಗಿ ಎರಡು ವರ್ಷವಾಗಿತ್ತು.

ಎರಡು ಚಳಿಗಾಲದ ಹಿಂದೆ ಮೂರು ದಿನ ಜ್ವರ ಬಂದಿತ್ತು. ನಾಲ್ಕನೆಯ ದಿನ ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಬೇರೆ ಯಾರಿಗಾದರೂ ಆಗಿದ್ದರೆ ಊಟ ರುಚಿಸುವುದಿಲ್ಲ ಎಂದು ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಿದ್ದರು. ಆದರೆ ಅವನು ವೈನ್ ನೆಲಮಾಳಿಗೆಯ ಮೇಸ್ತ್ರಿ. ಕಣಿವೆಯ ತುಂಬ ಅವನನ್ನು ಕರೆಯುತ್ತಿದ್ದುದೇ ಮೂಗಣ್ಣ ಎಂದು. ಇಪ್ಪತ್ತಾರು ವರ್ಷ ಪೀಪಾಯಿಗಳ ನಡುವೆ ಓಡಾಡಿದವನು. ಬಾಗಿಲು ತೆರೆದೊಡನೆ ಯಾವ ಮೂಲೆಯ ಪೀಪಾಯಿ ಮುನಿಸಿಕೊಂಡಿದೆ ಎಂದು ಹೇಳುತ್ತಿದ್ದವನು. ಬಡಗಿಗೆ ಕೈ ಬಿದ್ದುಹೋದರೆ ಊರೆಲ್ಲ ಕಾಣುತ್ತದೆ. ಮೂಗು ಬಿದ್ದುಹೋದರೆ ಮುಖದ ಮೇಲೆ ಹಾಗೆಯೇ ಇರುತ್ತದೆ. ಇವತ್ತು ಬರಬಹುದು, ನಾಳೆ ಬರಬಹುದು ಎಂದು ಅವನು ಬಾಯಿ ಬಿಡಲಿಲ್ಲ. ಒಂದು ತಿಂಗಳು ಕಳೆಯಿತು. ಆಮೇಲೆ, ಒಂದು ತಿಂಗಳು ಯಾಕೆ ಹೇಳಲಿಲ್ಲ ಎನ್ನುವುದಕ್ಕೂ ಉತ್ತರ ಹುಡುಕಬೇಕಾಗಿ ಬಂತು.

ಹೆಂಡತಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಹಾಸಿಗೆ ಬಟ್ಟೆಯ ಗಂಟು ಬಿಚ್ಚುವ ಮೊದಲೇ ಅದು ಯಾವ ವಾರ್ಡಿನದೆಂದು ಹೇಳಬಲ್ಲ ಮೂಗು ಅವಳದು. ವೈನ್ ಎಂದರೆ ಅವಳಿಗೆ ಆಗದು. ಒಂದು ಗುಟುಕು ಕುಡಿದವಳಲ್ಲ. ಆದರೂ ಸಂಜೆ ಅವನು ತಂದ ಶೀಷೆಗಳನ್ನು ಒಂದೊಂದಾಗಿ ಮೂಸಿ, ತನಗೆ ಗೊತ್ತಿದ್ದ ಮಾತಿನಲ್ಲಿ ಹೇಳುತ್ತಿದ್ದಳು. ಇದು ಆಗತಾನೇ ಕೆತ್ತಿದ ಪೆನ್ಸಿಲ್. ಇದು ಒದ್ದೆ ನಾಯಿ. ಇದು ಬಿಸಿ ಇಸ್ತ್ರಿ ಆಡಿಸಿದ ಹತ್ತಿಬಟ್ಟೆ, ಇನ್ನೂ ಮಡಿಸಿಲ್ಲ. ಮರುದಿನ ಅವನು ಆ ಮಾತುಗಳನ್ನು ಒಯ್ದು ದ್ರಾಕ್ಷಿತೋಟದ ಒಡತಿಯ ಮುಂದೆ ಇಡುತ್ತಿದ್ದ. ಮೊದಮೊದಲು ಪೆನ್ಸಿಲ್ ಅನ್ನು ದೇವದಾರು ಮಾಡುತ್ತಿದ್ದ, ಒದ್ದೆ ನಾಯಿಯನ್ನು ತೇವದ ಉಣ್ಣೆ ಮಾಡುತ್ತಿದ್ದ. ಒಂದು ದಿನ ಮರೆತು ಇಸ್ತ್ರಿ ಬಟ್ಟೆ ಎಂದೇ ಅಂದುಬಿಟ್ಟ. ಒಡತಿ ಚಪ್ಪಾಳೆ ತಟ್ಟುವುದೊಂದು ಬಾಕಿ.

ಒಡತಿಯನ್ನು ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ಹದಿನೈದು ವರ್ಷ ಶಾಲೆಯಲ್ಲಿ ಪಾಠ ಹೇಳಿ, ತಂದೆ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳಲು ಬಂದವಳು. ಸುತ್ತಲಿನ ತೋಟದವರೆಲ್ಲ ಹಳೆಯ ಬಳ್ಳಿ ಕಿತ್ತು, ಹೆಸರು ಹೇಳಿದರೇ ಮಾರಾಟವಾಗುವ ಕ್ಯಾಬರ್ನೆ, ಮೆರ್ಲೋ, ಶಿರಾಜ್ ನೆಟ್ಟಿದ್ದರು. ಇವಳ ತೋಟದಲ್ಲಿ ಮಾತ್ರ ಎಲ್ಲಕ್ಕಿಂತ ಕೊನೆಗೆ ಹಣ್ಣಾಗುವ, ಹುಟ್ಟಾ ಹುಳಿಯ ಒಂದು ಕಪ್ಪು ದ್ರಾಕ್ಷಿ ಉಳಿದಿತ್ತು. ಕೀಳುವ ಕೂಲಿಗಳು ಅದಕ್ಕೆ ಹಟಮಾರಿ ಎಂದು ಹೆಸರಿಟ್ಟಿದ್ದರು. ಜಾಮಿಗೂ ಲಾಯಕ್ಕಿಲ್ಲ ಎಂದು ನಕ್ಕವರ ಮುಂದೆ ಟೀಚರಮ್ಮ ಅದೊಂದರಿಂದಲೇ ವೈನ್ ಮಾಡಿ, ಹಿಂದಿನ ವರ್ಷದ ಬಾಟಲಿಯ ಬೆನ್ನಿಗೆ ಚೀಟಿ ಅಂಟಿಸಿದಳು: "ಬಿಸಿ ಇಸ್ತ್ರಿ ಆಡಿಸಿದ ಹತ್ತಿಬಟ್ಟೆ, ಆಗತಾನೇ ಕೆತ್ತಿದ ಪೆನ್ಸಿಲ್ – ನಮ್ಮ ಮೂಗಣ್ಣನ ಮಾತಿನಲ್ಲಿ." ಬೇರೆಯವರ ಚೀಟಿಯಲ್ಲೆಲ್ಲ ಚೆರ್ರಿ, ವೆನಿಲ್ಲಾ ಓದಿ ಬೇಸತ್ತಿದ್ದ ಜನ ಆ ಚೀಟಿಗಾಗಿಯೇ ಬಾಟಲಿ ಕೊಂಡರು. ಮೂಗಣ್ಣ ಅಂಥ ಒಂದು ಬಾಟಲಿಯನ್ನೂ ಮನೆಗೆ ತರಲಿಲ್ಲ. ಮನೆಯಲ್ಲಿ ಯಾರು ಕುಡಿಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಪೀಪಾಯಿಯ ಮರ ದಿನವೂ ಒಂದಿಷ್ಟು ವೈನನ್ನು ಕುಡಿಯುತ್ತದೆ. ಮೇಲೆ ಖಾಲಿಯಾದ ಜಾಗದಲ್ಲಿ ಗಾಳಿ ಕೂತರೆ ವೈನ್ ವಿನೆಗರ್ ಆಗುತ್ತದೆ. ಅದಕ್ಕೇ ಪ್ರತಿ ಶನಿವಾರ ಅವನು ಸ್ಟೀಲಿನ ಕ್ಯಾನೊಂದರಲ್ಲಿ ಕಾಯ್ದಿಟ್ಟ ವೈನನ್ನು ಇಪ್ಪತ್ತೆರಡು ಪೀಪಾಯಿಗೂ ಕಂಠದವರೆಗೆ ತುಂಬುತ್ತಿದ್ದ. ಮೊಮ್ಮಗಳು ಹುಟ್ಟಿದಳೆಂದು ಫೋನ್ ಬಂದದ್ದು ಅಂಥ ಒಂದು ಶನಿವಾರ. ಕ್ಯಾನಿನಲ್ಲಿ ಅರ್ಧ ಉಳಿದಿತ್ತು. ಖುಷಿಯಲ್ಲಿ ಮುಚ್ಚಳವನ್ನು ಮೇಲಷ್ಟೇ ಇಟ್ಟು ಓಡಿದ. ಮುಂದಿನ ಎರಡು ಶನಿವಾರವೂ ಅದೇ ಕ್ಯಾನಿನಿಂದ, ಒಂದು ಪೀಪಾಯಿಯನ್ನೂ ಬಿಡದೆ, ಹನಿ ಚೆಲ್ಲದಂತೆ ತುಂಬಿದ್ದ. ಸುರಿಯುವ ಮೊದಲು ಕ್ಯಾನಿಗೆ ಮೂಗು ಇಡುವುದು ಕಟ್ಟಳೆ. ಇಟ್ಟಿದ್ದ. ನೋಡುವವರು ಯಾರೂ ಇರಲಿಲ್ಲ, ಆದರೂ ತಲೆಯಾಡಿಸಿದ್ದ.

"ಬೆಳಿಗ್ಗೆ ಮೊದಲು ಹೋಗಿ ಹೇಳಿಬಿಡಿ," ಎಂದಳು ಎಲ್ಲವನ್ನೂ ಕೇಳಿಸಿಕೊಂಡ ಹೆಂಡತಿ. "ಕ್ಯಾನಿಂದೂ ಹೇಳಿ, ಮೂಗಿಂದೂ ಹೇಳಿ. ಮೂಗಿಗಿಂತ ಮೂಗುತಿ ಭಾರ ಆಗೋಗಿದೆ ನಿಮಗೆ."

ಮರುದಿನ ಅವನು ಎಂಟು ಗಂಟೆಗೆ ನೆಲಮಾಳಿಗೆಯ ಬಾಗಿಲು ತೆಗೆದ. ಅತಿಥಿಗಳು ಬರುವುದು ಹನ್ನೊಂದಕ್ಕೆ. ವೈನ್ ಪ್ರದೇಶಗಳ ಬಗ್ಗೆ ವರ್ಷಕ್ಕೊಂದು ಪುಸ್ತಕ ಬರೆಯುವ ಹೆಂಗಸು, ಜೊತೆಗೆ ನಾಲ್ಕೂರಿನಲ್ಲಿ ಅಂಗಡಿಗಳಿರುವ ಒಬ್ಬ ವ್ಯಾಪಾರಿ. ಈ ಕಣಿವೆಗೆ ಆ ಪುಸ್ತಕದಲ್ಲಿ ಇದುವರೆಗೆ ಎರಡೇ ಸಾಲು ಸಿಕ್ಕಿತ್ತು. ಈ ಸಲ ಹಟಮಾರಿಗೆಂದೇ ಒಂದು ಪುಟ ಎಂದು ಟೀಚರಮ್ಮ ಹದಿನೈದು ದಿನದಿಂದ ಹೇಳುತ್ತಿದ್ದಳು.

ಹೇಳಲು ಮೂರು ಗಂಟೆ ಸಮಯವಿತ್ತು. ಅವನು ಗುಡಿಸಿದ್ದ ನೆಲವನ್ನೇ ಗುಡಿಸಿದ. ಗಾಜಿನ ಲೋಟಗಳನ್ನು ತೊಳೆದು, ಒರೆಸಿ, ಬೆಳಕಿಗೆ ಹಿಡಿದು ಮತ್ತೆ ತೊಳೆದ. ಒಂಬತ್ತಕ್ಕೆ ಟೀಚರಮ್ಮ ಬಂದು ಬಲ್ಬ್ ಒಂದು ಮಿಣುಕುತ್ತಿದೆ ಎಂದಳು, ಬದಲಾಯಿಸಿದ. ಹತ್ತಕ್ಕೆ ಬಂದು ಮೊಮ್ಮಗಳ ತೂಕ ಎಷ್ಟು ಎಂದು ಕೇಳಿದಳು, ಹೇಳಿದ. ಹತ್ತೂವರೆಗೆ ಬಂದು ತನ್ನ ಸೀರೆ ಸರಿಯಿದೆಯೇ, ತೀರಾ ಶಾಲೆಯ ವಾರ್ಷಿಕೋತ್ಸವಕ್ಕೆ ಹೊರಟ ಹಾಗಿದೆಯೇ ಎಂದು ನಗುತ್ತ ಕೇಳಿದಳು. ಚೆನ್ನಾಗಿದೆ ಎಂದ. ಪ್ರತಿ ಸಲವೂ ಮಾತು ಹಲ್ಲಿನವರೆಗೆ ಬಂದು, ಅಲ್ಲಿಂದ ವಾಪಸು ಹೋಯಿತು. ಹೊರಗೆ ಕಾರಿನ ಸದ್ದಾದಾಗ ಅವನಿಗೆ ಮೊದಲು ಅನ್ನಿಸಿದ್ದು, ಅಬ್ಬ, ಇನ್ನು ಹೇಳಲು ಸಮಯವಿಲ್ಲ ಎಂದು. ಆ ನಿರಾಳವನ್ನು ನೆನೆದರೆ ಅವನಿಗೆ ಮುಂದೆ ಎಷ್ಟೋ ದಿನ ಕಿವಿ ಬಿಸಿಯಾಗುತ್ತಿತ್ತು.

ಆ ನೆಲಮಾಳಿಗೆಯಲ್ಲಿ ಟೀಚರಮ್ಮನ ತಂದೆಯ ಕಾಲದಿಂದ ಒಂದು ರೂಢಿ. ಪೀಪಾಯಿಯಿಂದ ತೆಗೆದ ವೈನನ್ನು ಮೊದಲು ಮೇಸ್ತ್ರಿ ಮೂಸಬೇಕು. ಅವನು ಹೂಂ ಎಂದರೆ ಮಾತ್ರ ಬೇರೆಯವರ ಕೈಗೆ ಲೋಟ. ಟೀಚರಮ್ಮ ಅದನ್ನು ಅತಿಥಿಗಳಿಗೆ ವಿವರಿಸಿ, ಚೀಟಿಯ ಮೇಲಿನ ಮೂಗಣ್ಣ ಇವರೇ ಎಂದು ಪರಿಚಯಿಸಿದಳು. ವ್ಯಾಪಾರಿ ಕೈ ಕುಲುಕಿದ. ಪುಸ್ತಕದ ಹೆಂಗಸು ನೋಟ್‌ಬುಕ್ ತೆರೆದಳು.

ಅವನು ಒಂಬತ್ತನೆಯ ಪೀಪಾಯಿಯಿಂದ ತೆಗೆದ ವೈನನ್ನು ತಿರುಗಿಸಿ ಮೂಗಿಗೆ ಹಿಡಿದ. ಲೋಟದ ಅಂಚು ಮೇಲ್ದುಟಿಗೆ ತಣ್ಣಗೆ ತಾಗಿತು, ಅಷ್ಟೇ. ಇದು ಕೆಟ್ಟಿದೆ, ಕೊಡಬೇಡಿ ಎನ್ನಲು ಈಗಲೂ ಎರಡು ಉಸಿರಿನಷ್ಟು ಹೊತ್ತಿತ್ತು. ಮೂವರೂ ಅವನ ಮುಖವನ್ನೇ ನೋಡುತ್ತಿದ್ದರು.

"ಇಸ್ತ್ರಿ ಬಟ್ಟೆ," ಎಂದಿತು ಅವನ ಬಾಯಿ. "ಈ ಸಲ ಪೆನ್ಸಿಲ್ ಸ್ವಲ್ಪ ಜಾಸ್ತಿ."

ಪುಸ್ತಕದ ಹೆಂಗಸು ಬರೆದುಕೊಂಡು, ಲೋಟ ಎತ್ತಿ, ಮೂಸಿ, ಕುಡಿಯದೆ ಕೆಳಗಿಟ್ಟಳು. ವ್ಯಾಪಾರಿ ಗುಟುಕು ತೆಗೆದುಕೊಂಡುಬಿಟ್ಟಿದ್ದ. ಉಗುಳುವ ಬಕೆಟ್ ಎಲ್ಲಿದೆ ಎಂದು ಸುತ್ತ ನೋಡಿದ.

"ನಿಮಗೆ ಇದರಲ್ಲಿ ಇಸ್ತ್ರಿ ಬಟ್ಟೆ ಸಿಗ್ತಾ ಇದೆಯಾ?" ಎಂದು ಆಕೆ ಕೇಳಿದಳು. ಕೊಂಕಿರಲಿಲ್ಲ. ತನಗೇ ಏನೋ ತಪ್ಪುತ್ತಿದೆಯೇನೋ ಎಂಬಂತೆ ಕೇಳಿದಳು.

ಹೌದು ಎಂದ.

ಟೀಚರಮ್ಮ ಆ ಲೋಟವನ್ನು ತಾನೇ ಎತ್ತಿಕೊಂಡು ಮೂಸಿದಳು. ಪಕ್ಕದ ಪೀಪಾಯಿಯಿಂದ ತೆಗೆಸಿದಳು, ಅದರ ಪಕ್ಕದ್ದರಿಂದ ತೆಗೆಸಿದಳು. ನಾಲ್ಕನೆಯದಕ್ಕೆ ಹೋಗಲಿಲ್ಲ. ಅವಳ ಮುಖ ಬಿಳುಪೇರಿತ್ತು. ಆದರೂ ಇಡೀ ತರಗತಿಯ ಮುಂದೆ ಒಬ್ಬ ಹುಡುಗನ ಮಾನ ಕಾಯುವ ದನಿಯಲ್ಲೇ, "ನಮ್ಮ ಮೂಗಣ್ಣನಿಗೆ ನೆಗಡಿ ಆಗಿರಬೇಕು," ಎಂದಳು. "ಬೆಳಿಗ್ಗೆಯಿಂದ ಗಮನಿಸ್ತಾ ಇದ್ದೆ, ಮುಖಾನೇ ಸರಿ ಇರಲಿಲ್ಲ. ಅಲ್ವಾ ಮೂಗಣ್ಣ?"

ಮೂಗಣ್ಣ ಜೇಬಿನಿಂದ ಕರವಸ್ತ್ರ ತೆಗೆದ. ತೆಗೆದದ್ದಷ್ಟೇ ಅಲ್ಲ, ಮೂಗಿಗೆ ಒತ್ತಿಕೊಂಡು ಎರಡು ಸಲ ಸೊರಸೊರ ಎಳೆದ. ಐವತ್ತೆರಡು ವರ್ಷದ ಗಂಡಸು, ಹೋಂವರ್ಕ್ ಮಾಡದೆ ಬಂದ ಹುಡುಗ ಹೊಟ್ಟೆ ಹಿಡಿದುಕೊಂಡ ಹಾಗೆ.

ಟೀಚರಮ್ಮ ಅತಿಥಿಗಳನ್ನು ಮೇಲೆ ಕರೆದುಕೊಂಡು ಹೋದಳು. ಒಂದು ಗಂಟೆಯ ನಂತರ ಕಾರು ಹೊರಟ ಸದ್ದಾಯಿತು. ಅವನು ಮೂರು ಲೋಟಗಳನ್ನೂ ತೊಳೆಯದೆ ಅವುಗಳ ಮುಂದೆಯೇ ನಿಂತಿದ್ದ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗ ಬೈಗುಳಕ್ಕೆ ಮೈಯೊಡ್ಡಿಕೊಂಡು ನಿಂತ. ಟೀಚರಮ್ಮನ ಒಂದು ಕೈಯಲ್ಲಿ ಬಿಸಿನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ.

"ಎರಡು ತಗೊಳ್ಳಿ. ನೆಗಡಿ ಇಟ್ಕೊಂಡು ಯಾಕೆ ಬರೋಕೆ ಹೋದ್ರಿ? ಒಂದು ಮಾತು ಹೇಳಿದ್ರೆ ನಾನೇ ಮೊದಲು ನೋಡ್ತಿದ್ದೆ. ಈಗ ಏನಾಗಿದೆ ಅಂತ ಇಬ್ಬರೂ ಕೂತು ನೋಡೋಣ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡ, ಬಾಯಿಯ ಹತ್ತಿರ ಒಯ್ದ, ಕೈ ಇಳಿಸಿದ.

"ನೆಗಡಿ ಇಲ್ಲ ಟೀಚರಮ್ಮ."

ಆಮೇಲೆ ಎಲ್ಲವನ್ನೂ ಹೇಳಿದ. ಕ್ಯಾನಿನ ಮುಚ್ಚಳ, ಎರಡು ಶನಿವಾರ, ನಿನ್ನೆ ಸಂಜೆಯೇ ಗೊತ್ತಾದದ್ದು, ಬೆಳಗಿನ ಮೂರು ಗಂಟೆ. ಮೂಗಿನ ವಿಷಯವನ್ನು ಕೊನೆಗೆ, ನೆಲ ನೋಡಿಕೊಂಡು ಹೇಳಿದ. ಟೀಚರಮ್ಮ ಖಾಲಿ ಕ್ರೇಟ್ ಒಂದರ ಮೇಲೆ ಕೂತಳು. ಇಪ್ಪತ್ತೆರಡರಲ್ಲಿ ಎಷ್ಟು ಉಳಿದಿರಬಹುದು ಎಂದು ಕೇಳಿದಳು. ಗೊತ್ತಿಲ್ಲ ಎಂದ.

"ಎರಡು ವರ್ಷ ಅಂದ್ರಲ್ಲ. ಹಾಗಾದ್ರೆ ಇಷ್ಟು ದಿನ ನನಗೆ ಹೇಳ್ತಾ ಇದ್ದದ್ದು?"

"ನನ್ನ ಹೆಂಡತಿ."

"ಚೀಟಿ ಮೇಲೆ ಇರೋದು?"

"ಅದೂ ಅವಳದೇ."

"ಅಚ್ಚಾಗಿದೆ ಅಂತ ಅವರಿಗೆ ಗೊತ್ತಾ?"

ಇಲ್ಲವೆಂದು ಅವನು ತಲೆಯಾಡಿಸಿದ. ವೈನ್ ಕೆಟ್ಟದ್ದಕ್ಕೆ ಟೀಚರಮ್ಮನ ಮುಖದಲ್ಲಿ ಬಾರದಿದ್ದ ಏನೋ ಒಂದು ಈಗ ಬಂತು. ಅವನು ಕಣ್ಣು ತಪ್ಪಿಸಿದ.

"ನಾಳೆ ಅವರನ್ನ ಕರ್ಕೊಂಡು ಬನ್ನಿ," ಎಂದು ಎದ್ದಳು. "ನನ್ನ ಮೂಗು ಇಪ್ಪತ್ತೆರಡಕ್ಕೆ ಸಾಲಲ್ಲ. ಉಳಿದಿರೋದಾದ್ರೂ ಉಳೀಲಿ."

ಮನೆಯಲ್ಲಿ ಅವನು ಹೆಂಡತಿಗೆ ನಾಳೆ ಬರಬೇಕಂತೆ ಎಂದು ಮಾತ್ರ ಹೇಳಿದ. ಚೀಟಿಯ ವಿಷಯ ಹೇಳಲಿಲ್ಲ. ಅವಳು ಕೆಲಸಕ್ಕೆ ಅರ್ಧ ದಿನ ರಜೆ ಹೇಳಿ, ಮಗಳ ಮನೆಗೆ ಉಟ್ಟುಕೊಂಡು ಹೋಗಿದ್ದ ಒಳ್ಳೆಯ ಸೀರೆಯನ್ನೇ ಇಸ್ತ್ರಿ ಮಾಡಿಕೊಂಡಳು.

ಇಪ್ಪತ್ತಾರು ವರ್ಷದಲ್ಲಿ ಅವಳು ಆ ನೆಲಮಾಳಿಗೆಗೆ ಇಳಿದದ್ದು ಅದೇ ಮೊದಲು. ಟೀಚರಮ್ಮ ಕೈ ಮುಗಿದು, ಹಿಂದಿನ ವರ್ಷದ ಒಂದು ಬಾಟಲಿಯನ್ನು ಅವಳ ಕೈಗೆ ಕೊಟ್ಟಳು. ಹೆಂಡತಿ ಅದನ್ನು ತಿರುಗಿಸಿ, ಬಲ್ಬಿನ ಬೆಳಕಿಗೆ ಹಿಡಿದು, ತುಟಿಯಾಡಿಸುತ್ತ ಓದಿದಳು. ಚಿಕ್ಕ ಚೀಟಿ. ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಕೊನೆಯ ಸಾಲಿಗೆ ಬಂದಾಗ ಗಂಡನತ್ತ ನೋಡುತ್ತಾಳೆಂದು ಅವನು ಕಾದ. ಅವಳು ನೋಡಲಿಲ್ಲ. ಬಾಟಲಿಯನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟು, ಸೆರಗು ಸಿಕ್ಕಿಸಿಕೊಂಡಳು.

"ಯಾವುದರಿಂದ ಶುರು ಮಾಡಲಿ ಮೇಡಂ?" ಎಂದು ಟೀಚರಮ್ಮನನ್ನು ಕೇಳಿದಳು.

ಒಂದನೆಯದರಿಂದ ಶುರುವಾಯಿತು. ಅವನು ಮುಂದೆ ಮುಂದೆ ಹೋಗಿ ಬಿರಡೆ ಕೀಳಬೇಕು, ಅವಳು ಬಗ್ಗಿ ಮೂಸಬೇಕು, ಕೆಟ್ಟಿದ್ದರೆ ಅವನು ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆಯಬೇಕು. ಟೀಚರಮ್ಮ ಹಿಂದಿನಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಹೋಗಿದೆ, ಎಂದಳು ಹೆಂಡತಿ. ಹೋಗಿದೆ. ಇದೂ. ಆರನೆಯದಕ್ಕೆ, ಇದು ಸರಿ ಇದೆ, ಬೇಗ ಮುಚ್ಚಿ ಎಂದಳು. ಮುಚ್ಚಿದ. ಎಂಟನೆಯ ಪೀಪಾಯಿಯ ಹೊತ್ತಿಗೆ ಟೀಚರಮ್ಮನೂ ಅವಳೂ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಇದರಲ್ಲಿ ಮಳೆಯಲ್ಲಿ ನೆಂದ ರಟ್ಟಿದೆ ಅಲ್ವಾ ಎಂದು ಟೀಚರಮ್ಮ ಕೇಳಿದರೆ, ನೆಂದದ್ದಲ್ಲ ಮೇಡಂ, ರಟ್ಟು ಒಣಗಿದ ಮೇಲಿನದು ಎನ್ನುವಳು ಹೆಂಡತಿ. ಹನ್ನೆರಡನೆಯ ಪೀಪಾಯಿಯವರೆಗೆ ಒಂಬತ್ತು ಗೆರೆ ಬಿದ್ದಿದ್ದವು. ಅವನ ಬೆರಳೆಲ್ಲ ಬಿಳಿಯಾಗಿತ್ತು.

ಹದಿಮೂರನೆಯದರ ಬಿರಡೆ ಬಿಗಿಯಾಗಿತ್ತು. ಮರದ ಸುತ್ತಿಗೆಯಿಂದ ತಟ್ಟಿ ಸಡಿಲಿಸಿ ಕಿತ್ತು, ಪಕ್ಕಕ್ಕೆ ಸರಿದ. ಹೆಂಡತಿ ಬಗ್ಗಿದಳು. ಎದ್ದಳು. ಬೆನ್ನು ನೋಯುತ್ತಿತ್ತೇನೋ, ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು ಮತ್ತೆ ಬಗ್ಗಿ, ಈ ಸಲ ಕಣ್ಣು ಮುಚ್ಚಿದಳು. ಟೀಚರಮ್ಮನ ಪೆನ್ನು ನಿಂತಿತು. ಅವನು ಸೀಮೆಸುಣ್ಣವನ್ನು ಪೀಪಾಯಿಯ ಮರಕ್ಕೆ ತಾಗಿಸದೆ, ಕೂದಲೆಳೆ ದೂರದಲ್ಲಿ ಹಿಡಿದುಕೊಂಡು ಹೆಂಡತಿಯ ಮುಖವನ್ನು ನೋಡುತ್ತ ನಿಂತ.