ಜೋಡಿಪದಗಳ ಪಾಠ

ಅರ್ಧವಾರ್ಷಿಕದಲ್ಲಿ ಇಂಗ್ಲಿಷ್ ಹೋಗಿತ್ತು. ಏಳನೆಯ ಕ್ಲಾಸಿನ ಪರೀಕ್ಷೆಯಲ್ಲೂ ಹೋದರೆ ಗುಲ್ಷನ್‌ಳನ್ನು ಶಾಲೆ ಬಿಡಿಸಿ ರೇಷ್ಮೆಗೂಡು ಆರಿಸಲು ಕೂರಿಸುತ್ತೇನೆಂದು ಅವಳ ಅಪ್ಪ ಅಮಾನುಲ್ಲಾ ಹೇಳಿಬಿಟ್ಟಿದ್ದ. ಶಿಡ್ಲಘಟ್ಟದಲ್ಲಿ ಅವನದು ರೇಷ್ಮೆ ನೂಲು ತೆಗೆಯುವ ಕಸುಬು. ಪರೀಕ್ಷೆಗೆ ಉಳಿದಿದ್ದು ಐದು ವಾರ. ಈ ಹುಡುಗಿಯನ್ನು ಬಿಟ್ಟುಕೊಡುವುದಿಲ್ಲ ಎಂದುಕೊಂಡರು ಇಂಗ್ಲಿಷ್ ಮಿಸ್ ವೆಂಕಟರತ್ನಮ್ಮ.

ಗೊಂದಲವಾಗುವ ಪದಗಳನ್ನು ಅವರು ಕಲಿಸುತ್ತಿದ್ದದ್ದು ತಾವು ಕಲಿತ ಹಾಗೆಯೇ, ಜೋಡಿ ಮಾಡಿ, ಮಗ್ಗಿಯ ರಾಗದಲ್ಲಿ. ಬ್ರಿಂಗ್ ತರುವುದು, ಟೇಕ್ ಒಯ್ಯುವುದು. ಟೀಚ್ ಕಲಿಸುವುದು, ಲರ್ನ್ ಕಲಿಯುವುದು. ನಲವತ್ತು ಜೋಡಿಯನ್ನೂ ಗುಲ್ಷನ್ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ನಡುವಿನಿಂದ ಒಂದನ್ನು ಕೇಳಿದರೆ ಮಾತ್ರ ಮೊದಲಿನಿಂದ ತುಟಿ ಅಲ್ಲಾಡಿಸುತ್ತ ಬರಬೇಕಾಗುತ್ತಿತ್ತು.

"ಲರ್ನ್ ಅಂದ್ರೇನಮ್ಮ?" ಎಂದು ಮಿಸ್ ಕೇಳಿದರೆ ಗುಲ್ಷನ್‌ಳ ತುಟಿ ಮೊದಲ ಜೋಡಿಯಿಂದ ಅಲ್ಲಾಡತೊಡಗಿತು.

"ಇವಳ ಬಸ್ಸು ಈಗ ಚಿಂತಾಮಣಿ ಬಿಟ್ಟೈತೆ ಮಿಸ್, ಇಲ್ಲಿಗೆ ಬರೋದು ಮಧ್ಯಾಹ್ನಾನೇ," ಎಂದಳು ಪಕ್ಕದ ಕೊಂಡಮ್ಮ. ಕ್ಲಾಸೆಲ್ಲ ನಕ್ಕಿತು.

"ಕಲಿಸೋದು ಮಿಸ್," ಎಂದಳು ಗುಲ್ಷನ್, ತಲೆ ತಗ್ಗಿಸಿ.

ಶನಿವಾರ ಮಿಸ್ ಅವಳ ಮನೆಗೇ ಹೋದರು. ಅಪ್ಪ ಸಂತೆಗೆ ಹೋಗಿದ್ದ. ಗುಲ್ಷನ್ ಮೊರದ ಮುಂದೆ ಕೂತು ಕಲೆಗೂಡು, ತೆಳುಗೂಡು ಎಂಬ ಕೆಟ್ಟ ಗೂಡುಗಳನ್ನು ನೋಡದೆಯೇ ಎತ್ತಿ ಬೇರೆ ಹಾಕುತ್ತಿದ್ದಳು. ಹೊಸದಾಗಿ ಕೆಲಸಕ್ಕೆ ಬಂದಿದ್ದ ಅಖ್ತರಿಯ ಮೊರದಲ್ಲಿ ಬರೀ ಒಳ್ಳೆಯ ಗೂಡುಗಳಿದ್ದವು.

"ಆರಿಸಿದ್ದನ್ನೇ ಇವರಿಗೆ ಯಾಕೆ ಕೊಟ್ಟಿದೀಯಮ್ಮ?"

"ಅಖ್ತರಿ ಖಾಲಾ ಇನ್ನೂ ಹೊಸಬ್ರು ಮಿಸ್. ಒಂದು ವಾರ ಒಳ್ಳೇದನ್ನೇ ಮುಟ್ಲಿ. ಕೈಗೆ ಅದು ಗೊತ್ತಾದ್ರೆ ಕೆಟ್ಟದ್ದು ತಾನೇ ಗೊತ್ತಾಗುತ್ತೆ. ಎರಡೂ ಒಟ್ಟಿಗೆ ಕೊಟ್ರೆ ತಲೆ ಕೆಡುತ್ತೆ."

ಮಿಸ್ ಒಂದು ಒಳ್ಳೆಯ ಗೂಡನ್ನು ಎತ್ತಿ ಬೆರಳಲ್ಲಿ ಒತ್ತಿ ನೋಡಿದರು. ಹನ್ನೊಂದು ವರ್ಷದಿಂದ ಕ್ಲಾಸಿನಲ್ಲಿ ಅವರು ಎರಡನ್ನೂ ಒಟ್ಟಿಗೇ ಕೊಡುತ್ತ ಬಂದಿದ್ದರು.

ಸೋಮವಾರದಿಂದ ಜೋಡಿ ನಿಂತಿತು. ಎರಡು ದಿನಕ್ಕೆ ಒಂದೇ ಪದ. ಆ ಪದದಲ್ಲೇ ಹತ್ತು ವಾಕ್ಯ, ಹತ್ತು ಕೆಲಸ. ಅದರ ಜೊತೆಗಾರನ ಹೆಸರನ್ನು ಹತ್ತು ದಿನ ಯಾರೂ ಎತ್ತುವಂತಿಲ್ಲ.

"ಹೀಗಾದ್ರೆ ಪಾಠ ಮುಗಿಯೋದು ಯಾವಾಗಮ್ಮ?" ಎಂದು ರೇಗಿದರು ಹೆಡ್‌ಮಾಸ್ಟರ್ ಬಯ್ಯಪ್ಪ.

"ಮುಗಿಯೋದಿಲ್ಲ ಸಾರ್. ಹದಿನೈದು ಪದ ಆಗುತ್ತೆ. ಆ ಹದಿನೈದು ಗಟ್ಟಿ ಇರ್ತವೆ."

"ಫಲಿತಾಂಶ ಕೆಟ್ರೆ?"

"ನನ್ನನ್ನ ಕೇಳಿ."

ಬೇಸಿಗೆಯಲ್ಲಿ ಫಲಿತಾಂಶ ಬಂತು. ಗುಲ್ಷನ್‌ಗೆ ಇಂಗ್ಲಿಷಿನಲ್ಲಿ ನಲವತ್ತೊಂದು, ಪಾಸು. ಅಮಾನುಲ್ಲಾ ಪಟ್ಟಿಯನ್ನು ಎರಡು ಸಲ ನೋಡಿದ. ಹೊಗಳಲಿಲ್ಲ.

"ಹೈಸ್ಕೂಲಿಗೆ ಅರ್ಜಿ ಎಲ್ಲಿ ಕೊಡ್ತಾರೆ ಟೀಚರಮ್ಮ?"

ವೆಂಕಟರತ್ನಮ್ಮ ಚೀಲದಿಂದ ಅರ್ಜಿ ತೆಗೆದು ಅವನ ಕೈಗಿಟ್ಟರು. ಎಲ್ಲವನ್ನೂ ತುಂಬಿಯಾಗಿತ್ತು, ಅಪ್ಪನ ಸಹಿಯೊಂದು ಬಾಕಿ.