ನೂರ ಹದಿನೇಳನೆಯ ತಂತಿ

"ನೂರ ಹದಿನಾಲ್ಕು."

"ಐತೆ."

"ನೂರ ಹದಿನೈದು."

"ಐತೆ."

"ನೂರ ಹದಿನಾರು. ಮುಗೀತಕ್ಕ," ಎಂದು ನಾಗವೇಣಿ ಪಟ್ಟಿಯ ಕೊನೆಯ ಸಾಲಿನಿಂದ ಬೆರಳು ತೆಗೆದಳು.

ಬೈರಮ್ಮ ಆ ಕೊನೆಯ ತಂತಿಯನ್ನು ಬಿಡದೆ ಹಿಡಿದುಕೊಂಡೇ ಇದ್ದಳು. ಬೆಳಗ್ಗೆಯಿಂದ ಇದು ಮೂರನೆಯ ಸಲ. ಗಾಡಿಯಿಂದ ಬಿಚ್ಚಿ ತಂದ ತಂತಿಯ ಕಟ್ಟು ಉದ್ದನೆಯ ಹಲಗೆಯ ಮೇಲೆ ಮೊಳೆಗಳ ನಡುವೆ ಮಲಗಿತ್ತು. ಬುಡದಲ್ಲಿ ಆಳಿನ ತೋಳಿನಷ್ಟು ದಪ್ಪ, ಹೋಗುತ್ತಾ ಹೋಗುತ್ತಾ ಕವಲೊಡೆದು ತುದಿಯಲ್ಲಿ ಬೆರಳಿನಷ್ಟು ಸಣ್ಣ. ಒಂದೊಂದು ತಂತಿಯ ಎರಡು ತುದಿಗೂ ಬಿಳಿ ಚೀಟಿ, ಚೀಟಿಯ ಮೇಲೆ ಅಂಕಿ. ಒಬ್ಬಳು ಪಟ್ಟಿ ನೋಡಿ ಅಂಕಿ ಕೂಗಬೇಕು, ಇನ್ನೊಬ್ಬಳು ಆ ತಂತಿಯನ್ನು ಮುಟ್ಟಿ ಐತೆ ಎನ್ನಬೇಕು. ಮುಟ್ಟದೆ ಹೇಳುವಂತಿಲ್ಲ. ಒಂಬತ್ತು ವರ್ಷದಿಂದ ಅವಳು ಮಾಡಿಕೊಂಡು ಬಂದ ಕೆಲಸ ಇದೇ.

"ಪಟ್ಟೀಲಿರೋದೆಲ್ಲ ಐತೆ ಕಣೆ. ಒಂದೂ ಬಿಟ್ಟಿಲ್ಲ."

"ನೀನು ಬಿಡೋಳಲ್ಲ ಅಂತ ಶೆಡ್ಡಿಗೆಲ್ಲ ಗೊತ್ತು. ಮೆಮೊ ಬರ್ದೋರಿಗೆ ಗೊತ್ತಿಲ್ವಲ್ಲ," ಎಂದಳು ನಾಗವೇಣಿ.

ತಮಿಳು ಸೀಮೆಯ ಗಡಿಯಲ್ಲಿದ್ದ ಮೂಕಂಡಪಲ್ಲಿಯ ಆ ಕಂಪನಿಯಲ್ಲಿ ಸೈನ್ಯದ ಲಾರಿಗಳ ಮೇಲೆ ಕೂರಿಸುವ ತಗಡಿನ ಕೋಣೆಗಳನ್ನು ಮಾಡುತ್ತಿದ್ದರು. ಕೋಣೆಯ ಒಳಗೆ ವೈರ್‌ಲೆಸ್ ಇಟ್ಟುಕೊಂಡು ಕೂರುವ ಸಿಪಾಯಿಗಳು. ಮುಂದೆ ಬೇರೆಯೇ ಕ್ಯಾಬಿನ್, ಅದರಲ್ಲಿ ಡ್ರೈವರು, ಪಕ್ಕದಲ್ಲೊಬ್ಬ ಹವಾಲ್ದಾರ. ಹಿಂದಿನ ಕೋಣೆಯಲ್ಲಿ ಹೊಗೆ ಎದ್ದರೆ ಅಲ್ಲಿದ್ದವರು ಒಂದು ಕೆಂಪು ಗುಂಡಿ ಒತ್ತಬೇಕು. ಮುಂದೆ ದೀಪ ಹತ್ತಿ ಗಂಟೆ ಹೊಡೆಯಬೇಕು. ಶುಕ್ರವಾರ ತಪಾಸಣೆಯ ಅಧಿಕಾರಿ ಬಂದು ತಾನೇ ಒಳಗೆ ಕೂತು ಗುಂಡಿ ಒತ್ತಿದ. ದೀಪ ಹತ್ತಲಿಲ್ಲ, ಗಂಟೆಯೂ ಹೊಡೆಯಲಿಲ್ಲ. ಬಿಚ್ಚಿ ನೋಡಿದರೆ ಗುಂಡಿ ಸರಿಯಾಗಿದೆ, ದೀಪ ಸರಿಯಾಗಿದೆ, ನಡುವೆ ತಂತಿಯೇ ಇಲ್ಲ. ಕಟ್ಟು ಕಟ್ಟಿದವಳು ಬೈರಮ್ಮ. ಸಾಯಂಕಾಲ ಪಾಳಿ ಬಿಡುವ ಹೊತ್ತಿಗೆ ಮೆಮೊ ಕೈಗೆ ಬಂತು: ಸೋಮವಾರ ಹನ್ನೊಂದು ಗಂಟೆಗೆ ಅಧಿಕಾರಿಯ ಎದುರಿಗೆ ಉತ್ತರ ಕೊಡಬೇಕು, ಉತ್ತರ ಸರಿಯಿಲ್ಲದಿದ್ದರೆ ಮಂಗಳವಾರದಿಂದ ಬರಬೇಕಾಗಿಲ್ಲ. ಕೆಳಗೆ ತಾರೀಖು, ೧೬-೧೧-೨೦೦೭. ಕೆಲಸ ಕಾಯಂ ಆಗುವವರ ಪಟ್ಟಿಯಲ್ಲಿ ಅವಳ ಹೆಸರು ಇತ್ತು. ಮುಂದಿನ ತಿಂಗಳು ಕೈಗೆ ಕಾಗದ ಬರಬೇಕಿತ್ತು. ಇವತ್ತು ಸೋಮವಾರ.

ಸೂಪರ್‌ವೈಸರ್ ಕೆಂಪರಾಜು ಹಲಗೆಯ ಹತ್ತಿರ ಬಂದು ನಿಂತ. "ಎಣಿಸು ಬೈರಮ್ಮ, ಎಣಿಸು. ಎಣಿಸ್ತಾ ಇದ್ರೆ ಎಲ್ಲಿಂದಾದ್ರೂ ಒಂದು ಹುಟ್ಟಿದ್ರೂ ಹುಟ್ತು."

"ಹುಟ್ಟಲ್ಲ ಕೆಂಪರಾಜಣ್ಣ. ಅದ್ಕೇ ಒಂದು ಮಾತು ಕೇಳ್ತೀನಿ. ಆ ತಂತಿ ಹಾಕು ಅಂತ ನಂಗೆ ಹೇಳ್ದೋರು ಯಾರು? ಎಲ್ಲಿ ಬರ್ದೈತೆ?"

"ಮೇಲೆ ಡ್ರಾಯಿಂಗ್‌ನಾಗೆ ಇರ್ತದೆ."

"ನೀನು ನೋಡಿದ್ದೀಯಾ?"

"ನಾನ್ಯಾಕೆ ನೋಡ್ಲಿ. ರಂಗೋಲಿ ಹಾಕಾಕೆ ಅಂತ್ಲೇ ಕಿರಣ್‌ಕುಮಾರ್ ಸಾರ್‌ನ ಇಟ್ಕೊಂಡವ್ರಲ್ಲ. ಹೋಗು, ಅವರ್ನೇ ಕೇಳು."

ಅವನು ಗೇಲಿಗೆ ಅಂದದ್ದು. ಆದರೆ ಬೈರಮ್ಮ ಕೈ ಒರೆಸಿಕೊಂಡು, ಪಟ್ಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲು ಹತ್ತಿಯೇ ಬಿಟ್ಟಳು. ಒಂಬತ್ತು ವರ್ಷದಲ್ಲಿ ಅವಳು ಆ ಮೆಟ್ಟಿಲು ಹತ್ತಿದ್ದು ಎರಡೋ ಮೂರೋ ಸಲ.

ಕಿರಣ್‌ಕುಮಾರ್ ಡ್ರಾಯಿಂಗ್ ಬರೆಯುವ ಎಂಜಿನಿಯರ್, ದಾವಣಗೆರೆ ಕಡೆಯ ಹುಡುಗ. ಎರಡು ವರ್ಷದ ಹಿಂದೆ ತಾಯಿಯನ್ನು ಕರೆದುಕೊಂಡು ಬಂದು ಮತ್ತಿಗಿರಿಯಲ್ಲಿ ಬಾಡಿಗೆ ಮನೆ ಮಾಡಿದ್ದ. ಬಾಗಿಲಲ್ಲಿ ನಿಂತವಳನ್ನು ನೋಡಿ ಎದ್ದು, "ಬರ್ರಿ ಅಮ್ಮ, ಕೂಡ್ರಿ," ಎಂದ. ಅವಳು ಕೂರಲಿಲ್ಲ. ಕೆಳಗೆ ಕೇಳಿದ ಪ್ರಶ್ನೆಯನ್ನೇ ಇಲ್ಲೂ ಕೇಳಿದಳು. ಆ ತಂತಿ ಎಲ್ಲಿ ಬರೆದಿದೆ, ತೋರಿಸಿ.

ಗೋಡೆಯ ಮೇಲೆ ಪಕ್ಕಪಕ್ಕದಲ್ಲಿ ಮೂರು ದೊಡ್ಡ ಹಾಳೆ ಅಂಟಿಸಿದ್ದರು.

"ಸೈನ್ಯದವರು ಕೇಳಿದ ಕೂಡಲೇ ಗಾಡಿ ಮಾಡಕ್ಕೆ ಬರಲ್ಲಮ್ಮ," ಎಂದ ಅವನು. "ಅದಕ್ಕೊಂದು ಚೌಕಟ್ಟು ಐತಿ. ಆರ್ಕಿಟೆಕ್ಚರ್ ಫ್ರೇಮ್‌ವರ್ಕ್ ಅಂತಾರೆ. ಒಂದೇ ಗಾಡೀನ ಬೇರೆ ಬೇರೆ ಕಡೆಯಿಂದ ನೋಡಿ ಬರೀಬೇಕು. ಮೊದಲನೇ ನೋಟ ಇದು. ಇದರಾಗೆ ತಂತಿ ಇಲ್ಲ, ಪೆಟ್ಟಿಗೆ ಇಲ್ಲ. ಯಾರು ಯಾರಿಗೆ ಏನು ತಿಳಿಸಬೇಕು, ಅಷ್ಟೇ. ಒಂದೊಂದು ಬಾಣ ಒಂದೊಂದು ಸುದ್ದಿ. ಎರಡನೇ ನೋಟದಾಗೆ ಆ ಸುದ್ದಿ ಹೊರೋ ತಂತಿ, ಪೆಟ್ಟಿಗೆ. ಮೂರನೇ ಹಾಳೆ ಇವೆರಡಕ್ಕೂ ಗಂಟು ಹಾಕೋದು. ಈ ಬಾಣಕ್ಕೆ ಈ ತಂತಿ ಅಂತ ನೋಡಿ, ಗುರುತು ಹಾಕೋದು. ನಿಮ್ಮ ಕೈಗೆ ಬರೋ ಪಟ್ಟಿ ಎರಡನೇದರಿಂದ ಇಳಿಸಿದ್ದು."

"ಕರೀಬೇಕಾದ ಮನೆ. ಕರಿಯಾಕೆ ಹೋಗೋರು," ಎಂದಳು ಬೈರಮ್ಮ, ತನ್ನಷ್ಟಕ್ಕೆ.

"ಏನಂದ್ರಿ?"

"ಏನಿಲ್ಲ ಸಾರ್."

ಮಗಳು ಭೂಮಿಕಾಳ ಮದುವೆಯಲ್ಲಿ ಹೀಗೆಯೇ ಎರಡು ಪಟ್ಟಿ ಮಾಡಿದ್ದರು. ಕುಂಕುಮ ಇಟ್ಟು ಕರೆಯಬೇಕಾದ ಮನೆಗಳದ್ದು ಒಂದು, ಯಾವ ಬೀದಿಗೆ ಯಾರು ಹೋಗುತ್ತಾರೆ ಎನ್ನುವುದು ಇನ್ನೊಂದು. ಗುಮ್ಮಳಾಪುರದ ಮೇಲಿನ ಬೀದಿಯಲ್ಲಿ ಎರಡು ಮನೆ: ಗಂಡನ ಅಕ್ಕ ಅಕ್ಕಯಮ್ಮನದು, ಅದರ ಪಕ್ಕಕ್ಕೆ ಅವಳ ಓರಗಿತ್ತಿಯದು. ಆ ಬೀದಿಗೆ ಹೋಗುವವರು ಇದ್ದಾರಲ್ಲ ಎಂದು ಎರಡು ಹೆಸರಿಗೂ ಒಟ್ಟಿಗೆ ಗೀಟು ಎಳೆದರು. ಹೋದವರು ಓರಗಿತ್ತಿಯ ಮನೆಗೆ ಕುಂಕುಮ ಕೊಟ್ಟು, ಕಾಫಿ ಕುಡಿದು, ಬಂದುಬಿಟ್ಟರು. ಹಂದರದ ಕೆಳಗೆ ಅಕ್ಕಯಮ್ಮ ಕಾಣಲಿಲ್ಲ. ಆಮೇಲೆ ಒಂದು ವರ್ಷ ಅವಳು ಇವರ ಮನೆಯ ನೀರು ಮುಟ್ಟಲಿಲ್ಲ.

ಬೈರಮ್ಮ ಗೋಡೆಯ ಹತ್ತಿರ ಹೋದಳು. ಹಾಳೆಯ ಮೇಲಿನ ಇಂಗ್ಲಿಷ್ ಅವಳಿಗೆ ಬಾರದು. ಬಾಣಗಳನ್ನು ಎಣಿಸಲು ಬರುತ್ತಿತ್ತು. ಎಡಗೈ ಬೆರಳನ್ನು ಮೊದಲ ಹಾಳೆಯ ಬಾಣದ ಮೇಲಿಟ್ಟು, ಬಲಗೈ ಬೆರಳನ್ನು ಎರಡನೆಯದರ ಮುಂದೆ ಹಿಡಿದು, "ಇದಕ್ಕೆ?" ಎಂದಳು.

"ಈ ಗೆರೆ."

"ಇದಕ್ಕೆ?"

"ಇಲ್ಲೈತಿ ನೋಡ್ರಿ."

ಕೆಳಗೆ ಹಲಗೆಯ ಮುಂದೆ ಮಾಡುವಂತೆಯೇ, ಮುಟ್ಟದೆ ಮುಂದಕ್ಕೆ ಹೋಗದೆ, ಅವಳು ಒಂದೊಂದಾಗಿ ಕೇಳಿದಳು. ಹತ್ತು ಆಯಿತು, ಇಪ್ಪತ್ತಾಯಿತು. ಕಿರಣ್‌ಕುಮಾರ್ ಒಮ್ಮೆ ಗಡಿಯಾರ ನೋಡಿದ, ಬೇಸರ ತೋರಿಸಲಿಲ್ಲ.

ಹಿಂದಿನ ಕೋಣೆಗೂ ಮುಂದಿನ ಕ್ಯಾಬಿನ್ನಿಗೂ ನಡುವೆ ಬಂದಾಗ ಅವಳ ಎಡಗೈ ನಿಂತಿತು.

"ಇಲ್ಲಿ ಎರಡು ಬಾಣ ಅವೆ ಸಾರ್."

"ಹೌದಮ್ಮ. ಒಂದು ಮಾತಾಡೋದು. ಇನ್ನೊಂದು ಹೊಗೆ ಸುದ್ದಿ."

"ಅಲ್ಲಿ ಗೆರೆ ಒಂದೇ ಐತಲ್ಲ?"

ಅವನು ಬಗ್ಗಿ ನೋಡಿದ. ಮೂರನೆಯ ಹಾಳೆಗೆ ಹೋದ. ಸಾಲಿನ ಮೇಲೆ ಬೆರಳಾಡಿಸುತ್ತಾ ಹೋಗಿ ನಿಂತ. ಎರಡು ಬಾಣದ ಎದುರಿಗೂ ಗುರುತು ಇತ್ತು. ಎರಡು ಗುರುತಿನ ಎದುರಿಗೂ ಒಂದೇ ಅಂಕಿ.

"ನಲವತ್ತೆರಡು," ಎಂದ ನಿಧಾನವಾಗಿ.

"ಅದು ಮಾತಾಡೋ ಫೋನಿನ ತಂತಿ. ನಾನು ಹಾಕಿದೀನಿ, ನೀಲಿದು. ಹೊಗೆ ಬಂದಾಗ ಅದ್ರಾಗೆ ಮಾತಾಡಾಕೆ ಆಯ್ತದಾ?"

"ಇಲ್ಲಮ್ಮ. ಹೊಗೆ ಬಂತು ಅಂದ್ರೆ ಮೊದಲು ಆ ಕಡೆಯ ಕರೆಂಟೇ ಹೋಗ್ತತಿ. ಫೋನ್ ಸತ್ತಂಗೆ." ಅವನು ಕುರ್ಚಿಗೆ ಕೈ ಊರಿದ. "ಹಿಂದಿನಿಂದ ಮುಂದಕ್ಕೆ ಒಂದು ಗೆರೆ ಐತಲ್ಲ ಅಂತ ಎರಡಕ್ಕೂ ಗುರುತು ಹಾಕೀನಿ. ನಾನೇ ಹಾಕಿದ್ದು."

ಕೆಳಗಿನಿಂದ ತಗಡು ಕತ್ತರಿಸುವ ಸದ್ದು ಬರುತ್ತಿತ್ತು. ಬೈರಮ್ಮನಿಗೆ ಎದೆಯ ಮೇಲಿನ ಕಲ್ಲು ಸರಿದಂತಾಗಿ, ಮರುಗಳಿಗೆಯಲ್ಲೇ ಆ ಕಲ್ಲು ಎದುರಿಗಿನ ಹುಡುಗನ ಎದೆಯ ಮೇಲೆ ಕೂತದ್ದೂ ಕಾಣಿಸಿತು. ಅವನ ಮುಖದಲ್ಲಿ ರಕ್ತ ಇರಲಿಲ್ಲ.

"ನೀವು ಕೆಳಗೆ ಹೋಗಿರ್ರಿ ಅಮ್ಮ," ಎಂದ. "ಹನ್ನೊಂದಕ್ಕೆ ಬರ್ರಿ."

ಅರ್ಧ ಮೆಟ್ಟಿಲು ಇಳಿದಿದ್ದಳು, ಹಿಂದೆ ಪ್ರಿಂಟರ್ ಗೊರಗುಟ್ಟಿತು. ಅವಳು ಅಲ್ಲೇ ಕಂಬಿ ಹಿಡಿದು ನಿಂತಳು. ಹೊಸ ಹಾಳೆ ತೆಗೆಯುತ್ತಿದ್ದಾನೆ. ಹೊಸ ಹಾಳೆಯಲ್ಲಿ ಗೆರೆ ಎರಡಿದ್ದರೆ, ಪಟ್ಟಿಯಲ್ಲಿ ನೂರ ಹದಿನೇಳು ಇದ್ದರೆ, ಕಾಗದದ ತಪ್ಪು ಕಾಗದದಲ್ಲೇ ಮುಚ್ಚಿಹೋಗುತ್ತದೆ. ತಪ್ಪಾಗಿ ಉಳಿಯುವುದು ಹಲಗೆಯ ಮೇಲಿನ ಕಟ್ಟು ಒಂದೇ. ತನ್ನ ಸೊಂಟದಲ್ಲಿದ್ದ ಹಳೆಯ ಪಟ್ಟಿಯನ್ನು ಅವಳು ಮುಟ್ಟಿ ನೋಡಿಕೊಂಡಳು. ಆದರೆ ಸೈನ್ಯದ ಅಧಿಕಾರಿಯ ಮುಂದೆ ಕಟ್ಟು ಕಟ್ಟುವವಳ ಮಡಚಿದ ಕಾಗದ ಎಷ್ಟು ತೂಗೀತು?

"ಏನಾಯ್ತಕ್ಕ? ಮುಖ ಯಾಕಂಗೈತೆ?" ಎಂದಳು ನಾಗವೇಣಿ.

"ಏನಾಯ್ತದೋ ಗೊತ್ತಿಲ್ಲ ಕಣೆ. ನೀರು ಕೊಡು ಒಂಚೂರು."

ಹನ್ನೊಂದಕ್ಕೆ ಮೇಲಿನ ಡ್ರಾಯಿಂಗ್ ಕೋಣೆಯಲ್ಲಿ ಮ್ಯಾನೇಜರ್, ಕೆಂಪರಾಜು, ತಪಾಸಣೆಯ ಅಧಿಕಾರಿ ಸೇರಿದ್ದರು. ಕಿರಣ್‌ಕುಮಾರ್ ಕೊನೆಗೆ ಬಂದ. ಕೈಯಲ್ಲಿ ಸುರುಳಿ ಸುತ್ತಿದ ಹೊಸ ಹಾಳೆ. ಅದನ್ನು ಬಿಡಿಸಿ ಗೋಡೆಗೆ ಅಂಟಿಸುವಾಗ ಅವಳು ನೆಲ ನೋಡುತ್ತಿದ್ದಳು. ಹಳೆಯದನ್ನು ಕೀಳುವ ಸದ್ದಿಗೆ ಕಾದಳು. ಆ ಸದ್ದು ಬರಲಿಲ್ಲ. ತಲೆ ಎತ್ತಿದಳು. ಹಳೆಯ ಹಾಳೆ ಹಾಗೇ ಇತ್ತು. ಹೊಸದನ್ನು ಅದರ ಪಕ್ಕಕ್ಕೆ ಅಂಟಿಸಿದ್ದ. ಅದರಲ್ಲಿ ಹಿಂದಿನಿಂದ ಮುಂದಕ್ಕೆ ಒಂದು ಕೆಂಪು ಗೆರೆ ಎಳೆದಿತ್ತು.

ಅವನು ಇಂಗ್ಲಿಷಿನಲ್ಲಿ ಮಾತಾಡಿದ. ಮೊದಲು ಹಳೆಯದನ್ನು ಮುಟ್ಟಿದ, ಆಮೇಲೆ ಹೊಸದನ್ನು, ಆಮೇಲೆ ತನ್ನ ಎದೆಯನ್ನು. ಬೈರಮ್ಮನಿಗೆ ತಿಳಿದದ್ದು ಒಂದೇ ಮಾತು, ಮಿಸ್ಟೇಕ್. ಆ ಮಾತು ತಿಳಿಯದವರು ಶೆಡ್ಡಿನಲ್ಲಿ ಯಾರೂ ಇರಲಿಲ್ಲ.

ಅಧಿಕಾರಿ ಎದ್ದು ಗೋಡೆಯ ಹತ್ತಿರ ಹೋಗಿ, ಕನ್ನಡಕ ಮೇಲಕ್ಕೆ ಸರಿಸಿ, ಎರಡು ಹಾಳೆಯನ್ನೂ ಬಹಳ ಹೊತ್ತು ನೋಡಿದ. ಏನೋ ಕೇಳಿದ. ಕಿರಣ್‌ಕುಮಾರ್ ಅವಳ ಕಡೆ ಕೈ ತೋರಿಸಿ ಅವಳ ಹೆಸರು ಹೇಳಿದ. ಅಧಿಕಾರಿ ಇನ್ನೂ ನಾಲ್ಕು ಮಾತು ಆಡಿ, ಜೇಬಿನಿಂದ ಪೆನ್ನು ತೆಗೆದು ಹೊಸ ಹಾಳೆಯ ಮೂಲೆಯಲ್ಲಿ ಸಹಿ ಹಾಕಿದ.

ಮ್ಯಾನೇಜರ್ ತಮಿಳಿನವರು, ಅವರ ಕನ್ನಡ ಅರ್ಧ ತಮಿಳೇ. "ಬೈರಮ್ಮ, ಗಾಡಿ ಮರಳುಗಾಡಿಗೆ ಹೋದ್ಮೇಲೆ ಸಿಕ್ಕೋದಕ್ಕಿಂತ ಗೋಡೆ ಮೇಲೆ ಸಿಕ್ಕಿದ್ದು ನಲ್ಲದು, ಒಳ್ಳೇದು ಅಂತಾರೆ ಆಫೀಸರ್. ಈ ಪಡಂ, ಡ್ರಾಯಿಂಗ್ ಎಲ್ಲ ಬರಿಯೋದು ಅದಕ್ಕೇ ತಾನೇ ಅಂತಾರೆ. ಸಾಯಂಕಾಲದೊಳಗೆ ಹೊಸ ವಯರ್ ಹಾಕ್ಬೇಕು. ಮೆಮೊ ವಾಪಸ್ ಕೊಡಮ್ಮ."

ಅವಳು ಕೊಟ್ಟಳು. ಅವರು ಅದನ್ನು ನಾಲ್ಕು ಚೂರು ಮಾಡಿ ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದರು. ಕಿರಣ್‌ಕುಮಾರನಿಗೆ ತಮಿಳಿನಲ್ಲಿ ಏನೋ ಅಂದರು. ಗಡಸಾಗೇ ಅಂದರು, ಆದರೆ ಕೊನೆಗೆ ಭುಜ ತಟ್ಟಿದರು.

ಮೆಟ್ಟಿಲಲ್ಲಿ ಕೆಂಪರಾಜು, "ನಡುವೆ ಒಂದು ತಂತಿ ಸೇರಿಸ್ಬೇಕು ಅಂದ್ರೆ ಇಡೀ ಕಟ್ಟು ಬಿಚ್ಬೇಕಲ್ಲ ಬೈರಮ್ಮ," ಎಂದ, ಯಾವ ಕಡೆಗೋ ನೋಡುತ್ತಾ.

"ಬಿಚ್ಚಾನ ಬಿಡಣ್ಣ. ಎಣಿಸ್ತಾ ಇದ್ರೆ ಹುಟ್ತದೆ ಅಂದಿದ್ಯಲ್ಲ. ಹುಟ್ತು ನೋಡು."

ಅವನಿಗೂ ನಗು ಬಂತು, ತಡೆದುಕೊಂಡ.

ಊಟದ ಗಂಟೆ ಹೊಡೆದಾಗ ಕಟ್ಟು ಅರ್ಧ ಬಿಚ್ಚಿತ್ತು. ಹೆಂಗಸರು ಶೆಡ್ಡಿನ ಹಿಂದೆ ಹೊಂಗೆಯ ಮರದ ಕೆಳಗೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಕಿರಣ್‌ಕುಮಾರ್ ಅಲ್ಲಿಗೆ ಬಂದ. ಮೇಲಿನವರು ಮೇಲೆಯೇ ಉಣ್ಣುವುದು. ಅವನು ಬಂದು ಮರದ ಬುಡಕ್ಕೆ ಒರಗಿ ಕೂತದ್ದನ್ನು ನೋಡಿ ನಾಗವೇಣಿ ಸೆರಗು ಸರಿ ಮಾಡಿಕೊಂಡಳು.

"ಡಬ್ಬಿ ತಂದಿಲ್ವಾ ಸಾರ್?"

"ತಂದೀನಿ. ತುತ್ತು ಒಳಗೆ ಇಳೀವಲ್ದು."

"ನೀವು ಹೊಸ ಹಾಳೆ ತೆಗ್ದಾಗ ನಂದೂ ಜೀವ ಹೋಗ್ಬುಟ್ಟಿತ್ತು," ಎಂದಳು ಬೈರಮ್ಮ.

ಅವನು ನೆಲದ ಮೇಲಿನ ಒಂದು ಎಲೆ ಎತ್ತಿಕೊಂಡು ಮಡಚಿದ. "ಮೊದಲು ಅದಕ್ಕೆ ಹೋದ ತಿಂಗಳ ತಾರೀಖು ಹಾಕಿದ್ದೆ ಅಮ್ಮ. ಆ ಹಾಳೇನೂ ಪ್ರಿಂಟ್ ತೆಗೆದಿದ್ದೆ." ಎಲೆ ಇನ್ನೂ ಸಣ್ಣಗೆ ಮಡಚಿದ. "ಆಮೇಲೆ ಹರಿದು ಹಾಕಿದೆ."

ನಾಗವೇಣಿಗೆ ಇದು ಏನೆಂದು ತಿಳಿಯಲಿಲ್ಲ. ಇಬ್ಬರ ಮುಖವನ್ನೂ ನೋಡಿದಳು. ಬೈರಮ್ಮ ತನ್ನ ಡಬ್ಬಿಯ ಮುದ್ದೆಯನ್ನು ಎರಡು ಮಾಡಿ, ದೊಡ್ಡ ಅರ್ಧವನ್ನು ಮುಚ್ಚಳದ ಮೇಲಿಟ್ಟು, ಅದರ ಸುತ್ತ ಹುರುಳಿ ಸಾರು ಸುರಿದು ಅವನ ಮುಂದೆ ತಳ್ಳಿದಳು.

"ತಗೋಪ್ಪ, ಉಣ್ಣು."

ಬೆಳಗ್ಗೆಯಿಂದ ಸಾರ್ ಆಗಿದ್ದವನು ಮುದ್ದೆಯನ್ನು ನೋಡಿದ. ಅವರ ಕಡೆ ರೊಟ್ಟಿ. ಒಂದು ತುಣುಕು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ. ಅಗಿದ, ಮತ್ತೂ ಅಗಿದ. ಹಲ್ಲಿಗೆಲ್ಲ ಮೆತ್ತಿಕೊಂಡು ದವಡೆ ಅಲುಗದಂತಾಯಿತು. ನಾಗವೇಣಿ ಆ ಕಡೆ ತಿರುಗಿ ನಕ್ಕಳು.

"ಅಗೀಬಾರ್ದು ಕಣಪ್ಪ, ನುಂಗ್ಬೇಕು. ಸುಮ್ನೆ ನುಂಗು. ಏನೂ ಆಗಲ್ಲ."

ಅವನು ಎರಡನೆಯ ತುಣುಕನ್ನು ಹಾಕಿಕೊಂಡು, ಕಣ್ಣು ಮುಚ್ಚಿ, ಕತ್ತು ಚೂರು ಮುಂದಕ್ಕೆ ಚಾಚಿದ. ಗಂಟಲಮಣಿ ಮೇಲೆ ಹೋಗಿ ಒಂದು ಗಳಿಗೆ ಅಲ್ಲೇ ನಿಂತಿತು. ಇಬ್ಬರು ಹೆಂಗಸರೂ ಕೈಯಲ್ಲಿದ್ದ ತುತ್ತು ಹಿಡಿದುಕೊಂಡೇ, ಅದು ಕೆಳಗೆ ಇಳಿಯುವವರೆಗೆ ನೋಡುತ್ತಾ ಕೂತಿದ್ದರು.