‘ಹಸಿ’ ಎಂದು ಕೂಗುವ ಕೆಲಸ

ಶಹಾಪುರದ ನಮ್ಮ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಗುಣವನ್ನು ಬರೆದು ಕೊಡುವುದಿಲ್ಲ, ಕೂಗುತ್ತಾರೆ. ಹತ್ತಿ ತುಂಬಿದ ದೊಡ್ಡ ಚೀಲಕ್ಕೆ ಅಂಡಿಗೆ ಎನ್ನುತ್ತೇವೆ. ಅದರೊಳಗೆ ಮೊಣಕೈವರೆಗೆ ಕೈ ಇಳಿಸಿ, ಒಂದು ಹಿಡಿ ತೆಗೆದು ಹಿಂಡಿ ನೋಡಿ, ತಂದವರ ಎದುರಿಗೇ ಮೂರು ಸಲ ಕೂಗಬೇಕು. ಒಣಗಿದ್ದರೆ ‘ಒಣಾ’, ನೀರಿದ್ದರೆ ‘ಹಸಿ’. ‘ಹಸಿ’ ಎಂದ ಹತ್ತಿಯನ್ನು ತೂಗುವುದಿಲ್ಲ. ಮತ್ತೊಮ್ಮೆ ಕೈ ಇಳಿಸಿ ಕೂಗುವವರೆಗೆ ಆ ಮಾತೇ ಖಾಯಂ.

ನನಗೆ ‘ಒಣಾ’ ಬರುತ್ತಿತ್ತು, ಮೆಲ್ಲಗಾದರೂ. ‘ಹಸಿ’ ಬರುತ್ತಿರಲಿಲ್ಲ. ಚೀಟಿಯಲ್ಲಿ ಬರೆದು ಖಾಜಾಹುಸೇನ ಚಾಚಾನ ಕೈಗೆ ಕೊಡುತ್ತಿದ್ದೆ. ಇಪ್ಪತ್ತೈದು ವರ್ಷಗಳಿಂದ ಆ ಅಂಗಳದಲ್ಲಿ ಕೂಗುವವರು ಅವರೇ. ನನ್ನ ಬದಲು ಅವರು ಕೂಗುತ್ತಿದ್ದರು.

“ಬಿಎಸ್ಸಿ ಬಾಯಿ, ಹತ್ತಿ ಕಿವ್ಯಾಗ ಹೇಳಾಕತ್ತಿಯೇನು? ಅದಕ್ಕ ಕಿವಿ ಇಲ್ಲವ್ವಾ!” ಎಂದು ಹತ್ತಿ ಆರಿಸುವ ರೇಣಮ್ಮ ನಗುತ್ತಿದ್ದಳು.

ನನ್ನ ಆರು ತಿಂಗಳ ಪ್ರೊಬೇಷನ್ ಶನಿವಾರಕ್ಕೆ ಮುಗಿಯುವುದಿತ್ತು. ಅಷ್ಟರೊಳಗೆ ಕೂಗದಿದ್ದರೆ ಕೆಲಸವಿಲ್ಲ ಎಂದು ಮ್ಯಾನೇಜರ್ ಸುನೀಲಕುಮಾರ ಸರ್ ಹೇಳಿಬಿಟ್ಟಿದ್ದರು.

ಚಾಚಾ ಮೂರು ವಾರ ತಾಲೀಮು ಕೊಟ್ಟರು. ಗೇಟು ತೆರೆಯುವ ಮೊದಲು ನನ್ನನ್ನು ತೂಕದ ಕಾಟಾದ ಹತ್ತಿರ ನಿಲ್ಲಿಸಿ, ಆಚೆ ಗೋಡೆಗೆ ಮುಟ್ಟುವಂತೆ ಕೂಗಿಸುತ್ತಿದ್ದರು. “ಹೊಟ್ಟಿಲಿಂದ ತಗಿ ಬೇಟಿ, ಗಂಟಲಲಿಂದ ಬ್ಯಾಡ.” ಖಾಲಿ ಅಂಗಳದಲ್ಲಿ ನಾನು ಚೆನ್ನಾಗಿಯೇ ಕೂಗಿದೆ. ತಗಡಿನ ಮೇಲಿನ ಪಾರಿವಾಳಗಳು ಎದ್ದವು. ಆದರೆ ಗೇಟು ತೆರೆದು ಟ್ರ್ಯಾಕ್ಟರ್ ಒಳಗೆ ಬಂದಾಗ ಮತ್ತೆ ಚೀಟಿಯೇ.

“ಕಲಿಸೋದು ಆತು. ಇದು ತಲಿ ಒಳಗಿನ ವಿಷಯ,” ಎಂದು ಸರ್ ಬುಧವಾರ ನನ್ನನ್ನು ಯಾದಗಿರಿಗೆ, ಆಪ್ತಸಮಾಲೋಚಕಿ ಉಮೆಸಲ್ಮಾ ಮೇಡಂ ಹತ್ತಿರ ಕಳಿಸಿದರು.

ಅವರು ಹೇಳುವುದನ್ನು ಬರೆದುಕೊಳ್ಳಲು ನಾನು ನೋಟ್‌ಬುಕ್ ತೆರೆದು ಕುಳಿತೆ.

“ನಾ ಏನು ಮಾಡ್ಲಿ ಮೇಡಂ?”

“ಅದನ್ನ ನಾ ಹೇಳಂಗಿಲ್ಲ. ಹತ್ತಿ ಬಗ್ಗೆ ನನಗೇನೂ ಗೊತ್ತಿಲ್ಲ. ‘ಹಸಿ’ ಅನ್ನೋದು ನೀ ಮೊದಲು ಎಲ್ಲಿ ಕೇಳಿದಿ?”

ನಮ್ಮ ಇದೇ ಮಿಲ್ಲಿನಲ್ಲಿ, ಎಂದು ಹೇಳತೊಡಗಿದೆ. ಆಗ ನನಗೆ ಎಂಟು ವರ್ಷ. ಕೆಂಭಾವಿಯಿಂದ ಅಪ್ಪನ ಜೊತೆ ಟ್ರ್ಯಾಕ್ಟರ್ ಏರಿ ಬಂದಿದ್ದೆ. ತೂಕ ಹೆಚ್ಚಲೆಂದು ಅಪ್ಪ ಅಂಡಿಗೆಯೊಳಗೆ ನೀರು ಚಿಮುಕಿಸಿದ್ದ. ತಂಬಿಗೆ ಹಿಡಿದವಳು ನಾನು. ಮೇಲೆ ಒಣ ಹತ್ತಿ ಹಾಸಿ ಮುಚ್ಚಿದವಳೂ ನಾನೇ. ಮಿಲ್ಲಿನವರು ಕೈ ಇಳಿಸಿ ನೋಡಿ ಮೂರು ಸಲ ‘ಹಸಿ’ ಎಂದು ಕೂಗಿದಾಗ ಜನ ನಕ್ಕರು. ಅಪ್ಪ ಹತ್ತಿ ತೂಗಿಸದೆಯೇ ಟ್ರ್ಯಾಕ್ಟರ್ ಊರಿನ ಕಡೆ ತಿರುಗಿಸಿದ.

“ಈಗ ‘ಹಸಿ’ ಅಂದ್ರ ಯಾರನ್ನ ಹಿಡಿದು ಕೊಟ್ಟಂಗ ಆಗ್ತದ?” ಮೇಡಂ ಕೇಳಿದರು.

“ನನ್ನ,” ಎಂದೆ.

“ಈ ಮಾತು ಈ ಖೋಲಿ ಬಿಟ್ಟು ಹೋಗಂಗಿಲ್ಲ. ಹೊರಗ ಹೇಳೋದು ಬಿಡೋದು ನಿನಗ ಬಿಟ್ಟಿದ್ದು.”

ಗುರುವಾರ ಅದನ್ನೆಲ್ಲ ಚಾಚಾನಿಗೆ ಹೇಳಿದೆ. ಅವರು ಚಹಾದ ಗ್ಲಾಸು ಕಟ್ಟೆಯ ಮೇಲಿಟ್ಟರು.

“ಅರೆ! ನಾ ಸುಮ್ಮನ ಮೂರು ವಾರ ಗಂಟಲಕ್ಕ ದವಾ ಮಾಡಿದೆ.”

“ಅವತ್ತು ಕೂಗಿದವರು ನೀವೇ ಇರಬೇಕ್ರಿ ಚಾಚಾ.”

“ಇರಬೇಕು. ನೆನಪಿಲ್ಲ ಬೇಟಿ. ಎಷ್ಟು ಅಂಡಿಗಿ!”

ಅವತ್ತು ಅವರು ತಾಲೀಮು ಮಾಡಿಸಲಿಲ್ಲ. ತಮ್ಮ ಮೊದಲ ವರ್ಷದ ಸುದ್ದಿ ಹೇಳಿದರು. ರಾಮಸಮುದ್ರದಿಂದ ಬಂದ ಹೆಂಡತಿಯ ಅಣ್ಣನ ಹತ್ತಿಗೆ ‘ಹಸಿ’ ಎಂದು ಕೂಗಿ ಆಫೀಸಿನೊಳಗೆ ಹೋಗಿಬಿಟ್ಟಿದ್ದರಂತೆ. ಎರಡು ಈದಿಗೆ ಆ ಮನೆಯಿಂದ ಕರೆ ಬರಲಿಲ್ಲವಂತೆ.

“ಕೂಗಿದ್ದು ತಪ್ಪಲ್ಲ. ಕೂಗಿ ಒಳಗ ಹೋದೆ ನೋಡು, ಅದು ತಪ್ಪು. ಕೂಗಿದ ಮ್ಯಾಲ ಅಲ್ಲೇ ನಿಲ್ಲಬೇಕು. ಹತ್ತಿ ಬಿಸಿಲಿಗೆ ಹರವಾಕ ಜಾಗಾ ತೋರಿಸಬೇಕು.”

“ಅದು ಮಿಲ್ಲಿನ ಕಾಯ್ದೇನ್ರಿ?”

“ಇಲ್ಲ. ನನ್ನದು. ಬೇಕಾದ್ರ ನೀ ಇಟಗೋ.”

ಶನಿವಾರ ಮುಂಜಾನೆ ಬಂದ ಮೊದಲ ಟ್ರ್ಯಾಕ್ಟರ್ ಕೆಂಭಾವಿಯ ಮಲ್ಲಣ್ಣ ಕಾಕಾನದು. ನಮ್ಮ ಓಣಿಯವರೇ.

“ಏ, ನಮ್ಮ ಹುಡುಗೀನೇ ಇದಾಳ! ಇನ್ನೇನು ನೋಡೂದು ಬಿಡು.”

ಕೈ ಇಳಿಸಿದೆ. ಮೇಲೆ ಬೆಚ್ಚಗಿತ್ತು, ಒಳಗೆ ಬೆರಳಿನ ತುದಿಗೆ ತಣ್ಣಗೆ. ಹಿಂಡಿದ ಹತ್ತಿ ಅರಳಲಿಲ್ಲ. ಚಾಚಾ ಬೇಕೆಂದೇ ಬೆನ್ನು ತಿರುಗಿಸಿ ನಿಂತಿದ್ದರು. ಚೀಟಿ ಕೊಡಲು ಯಾರೂ ಇರಲಿಲ್ಲ.

“ಹಸಿ,” ಎಂದೆ. ನಂತರದ ಎರಡು ಕೂಗು ಗೋಡೆಗೆ ಮುಟ್ಟಿದವು.

ಕಾಕಾ ಸಿಟ್ಟಾದರು. “ನಿಮ್ಮಪ್ಪನ ಮಗಳಾಗಿ ಹಿಂಗ ಅಂತೀಯೇನ?”

“ಅವರ ಮಗಳು ಅದೀನಿ, ಅದಕ್ಕ ಗೊತ್ತಾತ್ರಿ ಕಾಕಾ. ಆ ಗೋಡಿ ಕಡಿ ಬಿಸಿಲದ, ಹರವ್ರಿ. ಸಂಜಿಗೆ ನಾನೇ ಮತ್ತ ನೋಡ್ತೀನಿ.”

ಅವರು ನನ್ನನ್ನು ನೋಡುತ್ತ ನಿಂತರು. ನಾನು ಅಲ್ಲಿಂದ ಕದಲಲಿಲ್ಲ. ಕಡೆಗೆ ಅಂಡಿಗೆಯ ಹಗ್ಗ ಬಿಚ್ಚಿದರು.

ಸಂಜೆ ಸುನೀಲಕುಮಾರ ಸರ್ ಖಾಯಂ ಪತ್ರಕ್ಕೆ ಸಹಿ ಹಾಕುತ್ತ ಕೇಳಿದರು: “ಫಾರ್ಮಿನ್ಯಾಗ ಬರೀಬೇಕು. ಯಾವುದು ಕೆಲಸ ಮಾಡ್ತು? ಚಾಚಾನ ತಾಲೀಮೋ, ಯಾದಗಿರಿ ಮೇಡಮ್ಮೋ?”

“ಎರಡೂ ಬರೀರಿ ಸರ್. ಗುರುವಾರ ಚಾಚಾ ಇನ್ನೊಂದು ಮಾಡಿದ್ರು, ತಮ್ಮ ತಪ್ಪು ಹೇಳಿದ್ರು. ಅದಕ್ಕ ಏನಂತಾರೋ ಗೊತ್ತಿಲ್ರಿ.”

“ಜಾಗಾ ಒಂದೇ ಅದ,” ಎಂದು ಅವರು ‘ತರಬೇತಿ’ ಎಂದಷ್ಟೇ ಬರೆದರು.

ಹೊರಗಿನಿಂದ ಮಲ್ಲಣ್ಣ ಕಾಕಾ ಕೂಗಿದರು, “ಬಾರವ್ವಾ, ಒಣಗ್ಯಾದೋ ಇಲ್ಲೋ ನೋಡು!” ನಾನು ಅಂಗಿಯ ತೋಳು ಮಡಚುತ್ತ ಅಂಗಳಕ್ಕಿಳಿದೆ.